ಐದನೆಯ ಟೈರು

ಚಾಮರಾಜನಗರ
16 ಜೂನ್ 2024

ಚಿ. ಮಾದೇಶನಿಗೆ ಶಂಭುಲಿಂಗಪ್ಪನು ಮಾಡುವ ಆಶೀರ್ವಾದಗಳು.

ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ನೀನು ನೆಂಟರಿಗೆ ಹೇಳಿದ ವೃತ್ತಾಂತದಲ್ಲಿ ಒಂದು ತಪ್ಪಿತ್ತು. ಊಟದ ಹೊತ್ತಾದುದರಿಂದ ಅಂದು ತಿದ್ದಲಿಲ್ಲ; ಈಗ ತಿದ್ದುತ್ತಿದ್ದೇನೆ. ಕಳೆದ ನವೆಂಬರಿನಲ್ಲಿ, ಏಳು ತಿಂಗಳ ಬಸುರಿಯಾಗಿದ್ದ ರಂಜಿನಿಯನ್ನು ಹಂಗಳದಿಂದ ಇಲ್ಲಿಗೆ ಕರೆತರುವಾಗ, ನಿನ್ನ ಪಿಕಪ್ ಗಾಡಿ ಹೊಲದ ದಾರಿಯಿಂದ ಜಾರಿ ಹಳ್ಳಕ್ಕೆ ಇಳಿದದ್ದು ‘ಮಳೆಯಿಂದ’ ಎಂದು ನೀನು ಹೇಳಿದೆ. ಮಳೆ ಹಿಂದಿನ ದಿನವೇ ನಿಂತಿತ್ತು. ಗಾಡಿ ಜಾರಿದ್ದು ಟೈರುಗಳು ಬೋಳಾಗಿದ್ದುದರಿಂದ. ಟ್ರ್ಯಾಕ್ಟರು ತಂದು ಎಳೆಸಿದ ಸಂಗತಿಯನ್ನು ನೀನು ಸೊಗಸಾಗಿ ವರ್ಣಿಸಿದೆ, ಕೇಳಿದವರೆಲ್ಲ ನಕ್ಕರು. ಗಾಡಿಯೊಳಗೆ ಕುಳಿತಿದ್ದವಳು ನನ್ನ ಮಗಳಾದುದರಿಂದ ನಾನು ನಗಲಿಲ್ಲ.

ಬಾಣಂತನ ಮುಗಿದ ಮೇಲೆ ಐದನೆಯ ತಿಂಗಳಿನಲ್ಲಿ ತಾಯಿಯನ್ನೂ ಮಗುವನ್ನೂ ಕರೆದೊಯ್ಯುವುದಾಗಿ ನಿಮ್ಮ ತಾಯಿ ಮಲ್ಲಮ್ಮನವರು ಹೇಳಿಕಳುಹಿಸಿದ್ದಾರೆ. ನನ್ನ ಆಕ್ಷೇಪಣೆಯಿಲ್ಲ. ಆದರೆ ಅದೇ ಗಾಡಿಯಲ್ಲಿ, ಅದೇ ದಾರಿಯಲ್ಲಿ, ಅದೇ ಟೈರುಗಳ ಮೇಲೆ ನನ್ನ ಮೊಮ್ಮಗಳು ಹೋಗುವುದಿಲ್ಲ. ನಿನ್ನ ಮನೆ ಹೆದ್ದಾರಿಯ ಮೇಲಿಲ್ಲ; ಕಾಡಂಚಿನ ಎರೆಮಣ್ಣಿನ ಹೊಲದಲ್ಲಿದೆ. ಡಾಂಬರಿಗೂ ಕೆಸರಿಗೂ ಎರಡಕ್ಕೂ ಒಗ್ಗುವ, ಅಂಗಡಿಯವರು ‘ಆಲ್ ಟೆರೇನ್’ ಎಂದು ಕರೆಯುವ ಟೈರುಗಳನ್ನು ಸರಿಯಾದ ಅಳತೆಯಲ್ಲಿ ಆರಿಸಿ, ಹಾಕಿಸಿ, ನನಗೆ ತಿಳಿಸಬೇಕು. ನಾನು ಒಪ್ಪಿದ ಮೇಲೆ ಬರಬಹುದು.

ತಿಳಿಸುವುದು ಪತ್ರದ ಮೂಲಕ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ಯಾರೂ ಎತ್ತಿ ತೋರಿಸಲಾರರು. ವೃತ್ತದ ವ್ಯಾಸ, ಸುತ್ತಳತೆಗಳನ್ನು ಎಂಟನೆಯ ತರಗತಿಯಲ್ಲಿ ನಾನೇ ನಿನಗೆ ಕಲಿಸಿದ್ದೇನೆ. ನೆನಪಿರಲಾರದು.

ಶಂಭುಲಿಂಗಪ್ಪ
ಭಾನುವಾರ, ಬೆಳಿಗ್ಗೆ 10 ಗಂಟೆ 15 ನಿಮಿಷ


ಹಂಗಳ
24 ಜೂನ್ 2024

ಪೂಜ್ಯ ಮಾವನವರಿಗೆ ಮಾದೇಶನ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಮಳೆ ಎಂದದ್ದು ನನ್ನ ತಪ್ಪು. ಅದೇ ಟೈರಿನಲ್ಲಿ ಇನ್ನೊಂದು ಬೆಳೆ ಟೊಮೆಟೊ ಸಾಗಿಸಿಬಿಡೋಣ ಎಂದು ಆಸೆಪಟ್ಟಿದ್ದೆ. ಆವತ್ತು ನಗುನಗುತ್ತ ಹೇಳಿದ್ದು ನನ್ನ ಭಯ ಕಾಣಿಸಬಾರದು ಅಂತ. ಅದನ್ನೂ ತಪ್ಪೆಂದೇ ಇಟ್ಟುಕೊಳ್ಳಿ.

ನಿನ್ನೆ ಗುಂಡ್ಲುಪೇಟೆಗೆ ಹೋಗಿ ರಂಗಸ್ವಾಮಿಯವರ ಟೈರು ಅಂಗಡಿಯಲ್ಲಿ ವಿಚಾರಿಸಿದೆ. ಅವರು ಗಾಡಿಯನ್ನು ಒಂದು ಸುತ್ತು ಹಾಕಿ, ಹಿಂದಿನ ಚಕ್ರ ಸವರಿ, “ಏನ್ಲಾ ಮಾದೇಶ, ಇದ್ರಾಗೆ ಮೊಕ ನೋಡ್ಕಂಡು ಗಡ್ಡ ಕೆರ್ಕಬೋದಲ್ಲೋ!” ಎಂದರು.

“ಮಾವ ಕಾಗ್ದ ಬರ್ದವ್ರೆ ಕಣಣ್ಣ. ಆಲ್ ಟೆರೇನ್ ಆಕ್ಸು ಅಂತ.”

“ಟೈರ್‌ಗೆ ಕಾಗ್ದವಾ! ನಮ್ಮಾವ ನನ್ ಮದ್ವೇಗೇ ಒಂದ್ ಗೆರೆ ಬರೀನಿಲ್ಲ ಬುಡು. ಸರಿ, ಎರಡು ಮೂವತ್ತೈದು ಆಕ್ಬುಡನ. ಈಗಿರೋದು ಎರಡು ಹದಿನೈದು. ಒಂದ್ ಸೈಜು ಮ್ಯಾಕ್ಕೋದ್ರೆ ಎರೆಮಣ್ಣಾಗೆ ಆನೆ ನಡ್ದಂಗೆ ನಡೀತದೆ ಕಣ್ಲಾ. ಕೇರಳದ್ ಕಡೆಯವ್ರೆಲ್ಲ ಇದ್ನೇ ಆಕ್ಸದು.”

ಈಗಿರುವುದು 215/75 ಆರ್ 15. ಅವರು ಹೇಳುತ್ತಿರುವುದು 235/75 ಆರ್ 15. ರಿಮ್ಮು ಬದಲಾಯಿಸಬೇಕಾಗಿಲ್ಲವಂತೆ. ನೀವು ಹೂಂ ಎಂದರೆ ಈ ವಾರವೇ ಹಾಕಿಸಿ ಬರುತ್ತೇನೆ. ನಮ್ಮ ಮದುವೆಗೆ ನೀವು ಒಪ್ಪಿದ ದಿನ, ಇನ್ನು ಮುಂದೆ ನಿಮ್ಮ ಮಾತು ಮೀರುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ಅವ್ವ ಮೊಮ್ಮಗಳಿಗೆ ಬೆಳ್ಳಿ ಉಡಿದಾರ ಮಾಡಿಸುತ್ತಿದ್ದಾಳೆ. ತನ್ನ ಕಾಲುಂಗುರ, ಕಡಗ ಎಲ್ಲ ಅಕ್ಕಸಾಲಿಗೆ ಕೊಟ್ಟಾಗಿದೆ. ಅವಳು ಇನ್ನೂ ಮಗುವನ್ನು ಕಣ್ಣಾರೆ ಕಂಡಿಲ್ಲ. ತೊಟ್ಟಿಲಿನ ಕರೆಯೋಲೆ ಅಂಚೆಯಲ್ಲಿ ಬಂದದ್ದರಿಂದ ಬೀಗರ ಮನೆಗೆ ಬರಲು ಹಿಂಜರಿದಳು. ಅದನ್ನು ನಾನು ಆಕ್ಷೇಪಣೆಯಾಗಿ ಬರೆಯುತ್ತಿಲ್ಲ. ಮಗುವಿನ ಸೊಂಟದ ಅಳತೆ ಬೇಕಂತೆ. ಒಂದು ದಾರ ಸುತ್ತಿ, ಗಂಟು ಹಾಕಿ, ಲಕೋಟೆಯಲ್ಲಿ ಇಟ್ಟು ಕಳಿಸಿದರೆ ಸಾಕು.

ಮಾದೇಶ


ಚಾಮರಾಜನಗರ
1 ಜುಲೈ 2024

ಚಿ. ಮಾದೇಶನಿಗೆ ಆಶೀರ್ವಾದಗಳು.

ನಿನ್ನ ರಂಗಸ್ವಾಮಿಯ ಸಲಹೆಯನ್ನು ಓದಿದೆ. ಕೇರಳದವರು ಹಾಕಿಸುತ್ತಾರೆ ಎಂಬುದು ಕಾರಣವಲ್ಲ, ಸುದ್ದಿ.

ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದುವ ಕ್ರಮ ಹೀಗೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ. ಅದು ಅಗಲದ ಶೇಕಡಾ ಎಷ್ಟು ಎಂದು ಹೇಳುತ್ತದೆ. ಕೊನೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ನಿನ್ನ ಈಗಿನ ಟೈರಿನ ಎತ್ತರ 703 ಮಿಲಿಮೀಟರು ಚಿಲ್ಲರೆ. ಅವನು ಹೇಳುವುದರದು 733 ಚಿಲ್ಲರೆ. ಶೇಕಡಾ ನಾಲ್ಕಕ್ಕೂ ಹೆಚ್ಚು. ಶೇಕಡಾ ಮೂರನ್ನು ದಾಟಬಾರದೆಂದು ಇಲ್ಲಿನ ಅಂಗಡಿಯಲ್ಲಿ ನಾನು ನೋಡಿದ ಕೈಪಿಡಿ ಹೇಳುತ್ತದೆ. ಮೀಟರು ಅರವತ್ತು ತೋರಿಸುವಾಗ ಗಾಡಿ ಅರವತ್ತೆರಡೂವರೆಯಲ್ಲಿ ಓಡುತ್ತಿರುತ್ತದೆ. ಬಂಡೀಪುರದ ರಸ್ತೆಯಲ್ಲಿ ಅಡ್ಡ ಬರುವ ಜಿಂಕೆಗೆ ನೀನು ಈ ವ್ಯತ್ಯಾಸವನ್ನು ವಿವರಿಸಲಾರೆ.

ಇಷ್ಟೆಲ್ಲ ಆಗಿ ಗಾಡಿ ನೆಲದಿಂದ ಮೇಲೇಳುವುದು ಒಂದೂವರೆ ಸೆಂಟಿಮೀಟರು. ನಿನ್ನ ಆನೆ ಅಷ್ಟೇ ಎತ್ತರದ್ದು.

ಇನ್ನೂ ಮುಖ್ಯವಾದುದು: ಭಾರ ತುಂಬಿ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಆ ಟೈರು ಮಡ್‌ಗಾರ್ಡಿಗೆ ಉಜ್ಜುವುದೇ, ಇಲ್ಲವೇ? ನೀನು ನೋಡಲಿಲ್ಲ. ನೋಡದೆ ನನ್ನ ಒಪ್ಪಿಗೆ ಕೇಳಿದೆ. ಪರೀಕ್ಷೆಗಳಲ್ಲಿಯೂ ನೀನು ಹೀಗೆಯೇ ಉತ್ತರ ಬರೆದು, ಆಮೇಲೆ ಲೆಕ್ಕ ಮಾಡುತ್ತಿದ್ದೆ.

ಮಗು ಆರೋಗ್ಯವಾಗಿದೆ.

ಶಂಭುಲಿಂಗಪ್ಪ
ಸೋಮವಾರ, ಸಂಜೆ 4 ಗಂಟೆ


ಹಂಗಳ
13 ಜುಲೈ 2024

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನೀವು ಬರೆದದ್ದು ಸರಿ. ರಂಗಸ್ವಾಮಿಯವರು ಬೇರೊಬ್ಬ ಗಿರಾಕಿಯ ಎರಡು ಟೈರುಗಳನ್ನು ಮುಂದಕ್ಕೆ ಹಾಕಿ ನೋಡಲು ಬಿಟ್ಟರು. ಟೊಮೆಟೊ ಕ್ರೇಟುಗಳನ್ನು ತುಂಬಿಸಿಕೊಂಡೇ ಹೋಗಿದ್ದೆ. ಸ್ಟಿಯರಿಂಗು ಪೂರ್ತಿ ಎಳೆದಾಗ ಒಳಗಡೆ ಕರ್ ಎಂದು ಉಜ್ಜಿತು. ರಂಗಸ್ವಾಮಿಯವರು ಬಗ್ಗಿ ನೋಡಿ, “ಅಲ್ಲ ಕಣ್ಲಾ, ನಿಮ್ಮಾವ ಚಾಮ್ರಾಜನಗರದಾಗೆ ಕುಂತ್ಕಂಡೇ ಇದ್ನ ಕೇಳುಸ್ಕಂಡ್ರಲ್ಲೋ! ಅಂತೋರ್ ಮಗ್ಳುನ್ನ ಎಂಗ್ಲಾ ಒಪ್ಪುಸ್ದೆ?” ಎಂದರು. “ನಾನ್ ಒಪ್ಪುಸ್ನಿಲ್ಲ ಕಣಣ್ಣ, ಅವ್ಳೇ ನನ್ನ ಒಪ್ಪುಸ್ದ್ಲು” ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನೀವು ಬೇಸರ ಮಾಡಿಕೊಳ್ಳಬಾರದು.

ಆದ್ದರಿಂದ ಈಗಿರುವ ಅಳತೆಯಲ್ಲೇ, 215/75 ಆರ್ 15, ಆಲ್ ಟೆರೇನ್ ಟೈರು ಸಿಗುತ್ತದಂತೆ. ಜೀಪುಗಳಿಗೆ ಹಾಕುವಂಥದ್ದು. ಪಕ್ಕದಲ್ಲಿ 100 ಎಸ್ ಎಂದು ಬರೆದಿದೆ. ಎತ್ತರದಲ್ಲಿ ವ್ಯತ್ಯಾಸವೇ ಇಲ್ಲ. ಇದಾಗಬಹುದಲ್ಲವೇ?

ಇನ್ನು ಬರೆಯುವುದನ್ನು ನೀವೊಬ್ಬರೇ ಓದಬೇಕು. ಅವ್ವನಿಗೆ ಎರಡು ತಿಂಗಳಿಂದ ಅನ್ನ ಸೇರುತ್ತಿರಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹೊಟ್ಟೆಯಲ್ಲಿ ಗಡ್ಡೆ. ಕೊಯ್ಯುವ ಹಾಗಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಂಜಿನಿಗೆ ನಾನು ಹೇಳಿಲ್ಲ. ಮೊಲೆಯೂಡಿಸುವವಳಿಗೆ ಇಂಥ ಸುದ್ದಿ ಕೊಟ್ಟರೆ ಹಾಲು ಬತ್ತುತ್ತದೆ ಎಂದು ಅವ್ವನೇ ನನ್ನ ಕೈಲಿ ಆಣೆ ಮಾಡಿಸಿಕೊಂಡಿದ್ದಾಳೆ. ನೀವೂ ಹೇಳಬೇಡಿ. ಆದರೆ ನಿಮಗೆ ಗೊತ್ತಿದ್ದರೆ ಕೆಲಸ ಬೇಗ ಆಗುತ್ತದೆಂದು ಬರೆದೆ. ಅವ್ವನಿಗೆ ಇರುವುದು ಒಂದೇ ಆಸೆ, ಆ ಉಡಿದಾರವನ್ನು ತನ್ನ ಕೈಯಾರೆ ಕಟ್ಟಬೇಕು.

ನಿಮ್ಮ ಕಾಗದ ಓದಿ ಹೇಳಿದಾಗ ಅವಳು ಕೇಳಿದಳು: “ಆ ಮೇಷ್ಟ್ರು ಟೈರ್ ಅಳ್ತೆ ಅಷ್ಟುದ್ದ ಬರ್ದವ್ರೆ. ಮಗೀನ ಅಳ್ತೇನೂ ಒಂದ್ ಗೆರೆ ಬರೀಬಾರ್ದಾಗಿತ್ತಾ?” ದಾರ ಮರೆಯಬೇಡಿ ಮಾವ.

ಮಾದೇಶ


ಚಾಮರಾಜನಗರ
22 ಜುಲೈ 2024

ಚಿ. ಮಾದೇಶನಿಗೆ ಆಶೀರ್ವಾದಗಳು.

ನಿಮ್ಮ ತಾಯಿಯವರ ಅನಾರೋಗ್ಯವನ್ನು ರಂಜಿನಿಗೆ ತಿಳಿಸಬಾರದೆಂದು ಕೋರಿದ್ದೀಯೆ. ತಿಳಿಸಿಲ್ಲ, ತಿಳಿಸುವುದೂ ಇಲ್ಲ. ನನ್ನ ಹೆಂಡತಿ ಸೋಮಮ್ಮನಿಗೂ ಹೇಳಿಲ್ಲ. ನನಗೆ ಒಪ್ಪಿಸಿದ ಗುಟ್ಟು ನನ್ನಲ್ಲಿಯೇ ಇರುತ್ತದೆ. ಈ ಒಂದು ವಿಷಯದಲ್ಲಿ ನೀನು ಸರಿಯಾದ ವ್ಯಕ್ತಿಯನ್ನು ಆರಿಸಿದ್ದೀಯೆ.

ಟೈರಿನ ವಿಷಯದಲ್ಲಿ ಹಾಗೆ ಹೇಳಲಾರೆ. 100 ಎಂದು ಬರೆದಿರುವುದನ್ನು ನೀನು ಕಂಡೆ, ಅದರ ಅರ್ಥವೇನೆಂದು ಕೇಳಲಿಲ್ಲ. ಅದು ಟೈರು ಹೊರಬಲ್ಲ ಭಾರದ ಸೂಚಿ. 100 ಎಂದರೆ ಒಂದು ಟೈರಿಗೆ 800 ಕಿಲೋ. ಹಿಂದಿನ ಎರಡಕ್ಕೂ ಸೇರಿ 1600. ಕ್ರೇಟುಗಳನ್ನು ತುಂಬಿದಾಗ ನಿನ್ನ ಗಾಡಿಯ ಹಿಂಭಾಗದಲ್ಲಿ ಬೀಳುವ ಭಾರ ಎರಡು ಸಾವಿರ ಕಿಲೋಗಳ ಸಮೀಪ. ಜೀಪಿನಲ್ಲಿ ಜನ ಕೂರುತ್ತಾರೆ. ಪಿಕಪ್ಪಿನಲ್ಲಿ ಸರಕು ಕೂರುತ್ತದೆ. ಅಳತೆಯ ಅಂಕಿಗಳು ಒಂದೇ ಆದ ಮಾತ್ರಕ್ಕೆ ಟೈರು ಒಂದೇ ಆಗುವುದಿಲ್ಲ. ಸರಕು ಗಾಡಿಗೆಂದೇ ತಯಾರಾದ, ಹೆಚ್ಚು ಭಾರ ಹೊರುವ, ಅದೇ ಅಳತೆಯ ಆಲ್ ಟೆರೇನ್ ಇದೆ. ಅದು ಬೇಕು.

ರಂಜಿನಿ ಮೊನ್ನೆ, ನೀನು ಇನ್ನೂ ಏಕೆ ಬರಲಿಲ್ಲವೆಂದು ಕೇಳಿದಳು. “ಟೈರು ಆರಿಸುತ್ತಿದ್ದಾನೆ” ಎಂದೆ. ನಾನು ಹೇಳಿದ್ದು ಸತ್ಯ. ಅವಳಿಗೆ ಅದು ಸರಿಬಂದಂತೆ ಕಾಣಲಿಲ್ಲ.

ಮಗು ಮಗ್ಗುಲಾಗುವುದನ್ನು ಕಲಿತಿದೆ. ಬಲಗಡೆಗೆ ಮಾತ್ರ.

ಶಂಭುಲಿಂಗಪ್ಪ
ಸೋಮವಾರ, ಬೆಳಿಗ್ಗೆ 11 ಗಂಟೆ 30 ನಿಮಿಷ


ಹಂಗಳ
8 ಆಗಸ್ಟ್ 2024

ಮಾವನವರಿಗೆ ನಮಸ್ಕಾರಗಳು.

ಹಾಕಿಸಿದೆ. ನೀವು ಹೇಳಿದ್ದೇ. ಸರಕು ಗಾಡಿಯದು, ಅದೇ ಅಳತೆ, ಆಲ್ ಟೆರೇನ್, ನಾಲ್ಕೂ ಹೊಸತು. ಗುಂಡ್ಲುಪೇಟೆಯಲ್ಲಿ ಸಿಗದೆ ಮೈಸೂರಿನಿಂದ ತರಿಸಿದ್ದಕ್ಕೆ ಇಷ್ಟು ತಡ. ಫೋಟೋ ಇಟ್ಟಿದ್ದೇನೆ.

ಕರೆತರುವ ದಿನ ರಂಜಿನಿಯೂ ಮಗುವೂ ಬಂದು ಕೂತಾಗ ಗಾಡಿಯಲ್ಲಿ ಟೊಮೆಟೊ ಇರುವುದಿಲ್ಲವಲ್ಲ ಮಾವ, ಅವರಿಬ್ಬರ ಭಾರ ಎಷ್ಟಾದೀತು ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಈಗ ಬರೆದುಬಿಟ್ಟೆ, ಕ್ಷಮಿಸಿ.

ಗಾಡಿ ಮನೆ ಮುಂದೆ ಬಂದಾಗ ಅವ್ವ ಮಂಚವನ್ನು ಬಾಗಿಲಿಗೆ ಎಳೆಸಿಕೊಂಡಳು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಿಸಿದಳು. “ಅತ್ತುಸ್ಲಾ, ಸದ್ದು ಕೇಳ್ಬೇಕು” ಎಂದಳು. ಹತ್ತಿಸಿದೆ. ನಾಲ್ಕೂ ಪಟಪಟ ಒಡೆದವು. “ಆಯ್ತು ಬುಡು, ಇನ್ನ ಓಗಿ ನನ್ ಕೂಸ್ನ ಕರ್ಕಬಾ. ಮಣ್ಣು ಅಂಟ್‌ಸ್ಕಳಕ್ಕೆ ಮುಂಚೆ ಓಗು, ಮೇಷ್ಟ್ರು ಚಕ್ರ ತೊಳ್ದಿಲ್ಲ ಅಂದಾರು” ಎಂದಳು. ಎಷ್ಟೋ ದಿನದ ಮೇಲೆ ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು.

ಉಡಿದಾರ ಸಿದ್ಧವಾಗಿದೆ. ದಾರ ಬರಲಿಲ್ಲವಾದ್ದರಿಂದ ಪಕ್ಕದ ಹೊಲದ ಚಿಕ್ಕಮಲ್ಲಮ್ಮನ ಕೂಸಿನ ಸೊಂಟ ಅಳೆದು ಅಂದಾಜಿನಲ್ಲಿ ಮಾಡಿಸಿದಳು.

ರಂಜಿನಿ ಫೋನಿನಲ್ಲಿ ನನ್ನ ಮೇಲೆ ಕೂಗಾಡುತ್ತಿದ್ದಾಳೆ. “ನಿಂಗೆ ಎಂಡ್ತಿ ಮಗೀಗಿಂತ ಗಾಡಿ ಸೋಕಿ ಎಚ್ಚಾಯ್ತಾ?” ಎಂದಳು. ನಿಮ್ಮ ಕಾಗದಗಳ ವಿಚಾರ ಅವಳಿಗೆ ಹೇಳಿಲ್ಲ. ಅಪ್ಪ ಮಗಳ ನಡುವೆ ನಾನು ತಂದಿಡಬಾರದು. ಸೋಕಿಯೇ ಎಂದು ಒಪ್ಪಿಕೊಂಡೆ.

18ನೇ ತಾರೀಖು ಭಾನುವಾರ ಬರುತ್ತೇನೆ. ದಯವಿಟ್ಟು ಹೂಂ ಎನ್ನಿ.

ಮಾದೇಶ


ಚಾಮರಾಜನಗರ
14 ಆಗಸ್ಟ್ 2024

ಶ್ರೀ ಮಾದೇಶರವರಿಗೆ,

ಭಾರದ ವಿಷಯದಲ್ಲಿ ತಾವು ಕೇಳಿರುವ ಪ್ರಶ್ನೆ ಜಾಣತನದ್ದು. ಜಾಣರನ್ನು ಏಕವಚನದಲ್ಲಿ ಸಂಬೋಧಿಸುವುದು ತರವಲ್ಲವಾದ್ದರಿಂದ ಇಂದಿನಿಂದ ಬಹುವಚನ ಬಳಸುತ್ತೇನೆ.

ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದೆ. ನಾಲ್ಕು ಟೈರುಗಳು ಸರಿಯಾಗಿವೆ. ಆದರೆ ಗಾಡಿಗೆ ಇರುವುದು ಐದು. ಹಿಂಭಾಗದ ಕೆಳಗೆ ನೇತುಹಾಕಿರುವ ಹೆಚ್ಚುವರಿ ಚಕ್ರ, ತಾವೆಲ್ಲ ಸ್ಟೆಪ್ನಿ ಎನ್ನುವುದು, ಹಳೆಯದೇ. ನವೆಂಬರಿನಲ್ಲಿ ಜಾರಿದ ಟೈರುಗಳಲ್ಲಿ ಒಂದನ್ನು ಅಲ್ಲಿ ಕಟ್ಟಿದ್ದೀರೆಂದು ಕಾಣುತ್ತದೆ. ದಾರಿಯಲ್ಲಿ ಒಂದು ಟೈರು ಪಂಕ್ಚರ್ ಆದರೆ, ಎರೆಮಣ್ಣಿನಲ್ಲಿ ನನ್ನ ಮೊಮ್ಮಗಳು ಮೂರು ಹೊಸ ಟೈರು ಮತ್ತು ಒಂದು ಬೋಳು ಟೈರಿನ ಮೇಲೆ ಕುಳಿತಿರುತ್ತಾಳೆ. ಮೂರು ಕಾಲು ಗಟ್ಟಿಯಿದ್ದ ಕುರ್ಚಿಯನ್ನು ನಾನು ಶಾಲೆಯಲ್ಲಿ ಗುಜರಿಗೆ ಹಾಕಿಸುತ್ತಿದ್ದೆ.

ಐದನೆಯ ಟೈರು ಬರುವವರೆಗೆ ತಾವು ಬರುವ ಶ್ರಮ ತೆಗೆದುಕೊಳ್ಳಬಾರದು.

ಶಂಭುಲಿಂಗಪ್ಪ
ಬುಧವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ


ಹಂಗಳ
24 ಆಗಸ್ಟ್ 2024

ಮಾವ,

ಐದನೆಯದಕ್ಕೆ ಹೇಳಿದ್ದೇನೆ. ಬರಲು ಒಂದು ವಾರ. ರಂಗಸ್ವಾಮಿಯವರಿಗೆ ನಿಮ್ಮ ಕಾಗದ ತೋರಿಸಿದೆ. ಅವರು ಓದಿ, ಮಡಚಿ, ನನ್ನ ಜೇಬಿಗೇ ತುರುಕಿ, “ಲೋ ಮಾದೇಶ, ಇವ್ರು ಟೈರ್ ಕೇಳ್ತಿಲ್ಲ ಕಣ್ಲಾ. ಐದ್ನೇದು ಆಕುದ್ರೆ ಆರ್ನೇದು ಕೇಳ್ತಾರೆ. ಓಗಿ ಎತ್ಕಬಂದ್ಬುಡು” ಎಂದರು. ನಾನು ಹಾಗೆ ತಿಳಿದುಕೊಂಡಿಲ್ಲ. ನೀವು ಮೇಷ್ಟ್ರು. ಸುಳ್ಳು ಹೇಳುವವರಲ್ಲ.

ಅವ್ವ ಈಗ ನೀರು ಮಾತ್ರ ಕುಡಿಯುತ್ತಿದ್ದಾಳೆ. ಉಡಿದಾರವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಆಗಾಗ ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ರಂಜಿನಿಗೆ ಹೇಳಿಬಿಡಲೇ ಎಂದರೆ ಆಣೆ ನೆನಪಿಸುತ್ತಾಳೆ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಏನಾದರೊಂದು ನೆಪ ಹೇಳಿ ಅವರನ್ನು ಕಳಿಸಿಕೊಡಿ. ನನ್ನ ಗಾಡಿ ಬೇಡವಾದರೆ ಬಸ್ಸಿನಲ್ಲಿ ಕಳಿಸಿ. ನೀವೇ ಜೊತೆಗೆ ಬನ್ನಿ. ಹಂಗಳದ ಬಸ್ ಸ್ಟಾಪಿನಿಂದ ಮನೆಯವರೆಗೆ ಮಗುವನ್ನು ನಾನು ಎತ್ತಿಕೊಂಡು ನಡೆದುಹೋಗುತ್ತೇನೆ, ಗಾಡಿಯೇ ಬೇಡ. ಒಂದು ಗಂಟೆ ಇದ್ದು ವಾಪಸು ಹೋಗಲಿ.

ಕಾಲಿಗೆ ಬೀಳುತ್ತೇನೆ.

ಮಾದೇಶ


ಚಾಮರಾಜನಗರ
29 ಆಗಸ್ಟ್ 2024

ಶ್ರೀ ಮಾದೇಶರವರಿಗೆ,

ಟೈರು ಅಂಗಡಿಯವನಿಗೆ ನನ್ನ ಪತ್ರಗಳನ್ನು ತೋರಿಸುತ್ತೀರೆಂದು ತಿಳಿದಿರಲಿಲ್ಲ. ಅವನ ವ್ಯಾಖ್ಯಾನಕ್ಕೆ ನಾನು ಉತ್ತರಿಸುವುದಿಲ್ಲ.

ಬಸ್ಸಿನ ಸಲಹೆಯನ್ನು ಪರಿಶೀಲಿಸಿದೆ. ಆರು ತಿಂಗಳ ಹೆಣ್ಣುಕೂಸನ್ನು ಎರಡು ಬಸ್ಸು ಬದಲಾಯಿಸಿ, ಕೆಮ್ಮುವ ಜನರ ನಡುವೆ ಕೂರಿಸಿ, ಕಾಯಿಲೆಯ ಮನೆಗೆ ಒಯ್ಯುವುದು ವಿವೇಕವಲ್ಲ. ನೆಪ ಹೇಳಿ ಕಳಿಸಬೇಕೆಂದಿದ್ದೀರಿ; ನೆಪ ಎಂದರೆ ಸುಳ್ಳು. ನಾನು ಸುಳ್ಳು ಹೇಳುವವನಲ್ಲವೆಂದು ಅದೇ ಪತ್ರದಲ್ಲಿ ತಾವೇ ಬರೆದಿದ್ದೀರಿ. ಒಂದೇ ಹಾಳೆಯಲ್ಲಿ ಎರಡನ್ನೂ ಹೇಗೆ ಬರೆದಿರೋ ತಿಳಿಯದು.

ದಾರವನ್ನು ಕುರಿತು ಮೂರು ಸಲ ಕೇಳಿಸಿಕೊಂಡಿದ್ದೇನೆ. ಮಗು ಬೆಳೆಯುತ್ತಿದೆ. ಇಂದು ತೆಗೆದ ಅಳತೆ ಅಂಚೆಯಲ್ಲಿ ತಲುಪುವಷ್ಟರಲ್ಲಿ ತಪ್ಪಾಗಿರುತ್ತದೆ. ತಪ್ಪು ಅಳತೆಯನ್ನು ಕಳಿಸುವ ಅಭ್ಯಾಸ ನನಗಿಲ್ಲ.

ಟೈರು ಬರಲು ಒಂದು ವಾರವೆಂದು ತಾವೇ ಬರೆದಿದ್ದೀರಿ. ನಿಮ್ಮ ತಾಯಿಯವರು ಒಂದು ವಾರ ತಾಳಬಹುದೆಂದು ಭಾವಿಸುತ್ತೇನೆ.

ಶಂಭುಲಿಂಗಪ್ಪ
ಗುರುವಾರ, ಬೆಳಿಗ್ಗೆ 9 ಗಂಟೆ 45 ನಿಮಿಷ


ಹಂಗಳ
12 ಸೆಪ್ಟೆಂಬರ್ 2024

ಶಂಭುಲಿಂಗಪ್ಪನವರಿಗೆ,

ಅವ್ವ ಆಗಸ್ಟ್ 31ರ ಶನಿವಾರ ಬೆಳಗಿನ ಜಾವ ತೀರಿಕೊಂಡಳು. ಸತ್ತ ಮೇಲೆ ಆಣೆ ಉಳಿಯುವುದಿಲ್ಲವಾದ್ದರಿಂದ ರಂಜಿನಿಗೆ ಫೋನು ಮಾಡಿದೆ. ಅವಳು ತನ್ನ ಅಮ್ಮನ ಜೊತೆ ಬಸ್ಸಿನಲ್ಲಿ ಬಂದದ್ದು ನಿಮಗೆ ಗೊತ್ತಿದೆ. ನೀವು ವಾಚನಾಲಯದಿಂದ ಬರುವಷ್ಟರಲ್ಲಿ ಹೊರಟಿದ್ದರಂತೆ. ಮಗುವಿಗೆ ಏನೂ ಆಗಲಿಲ್ಲ. ದಾರಿಯುದ್ದಕ್ಕೂ ನಿದ್ದೆ ಮಾಡಿತಂತೆ.

ನಿಮ್ಮ 29ನೇ ತಾರೀಖಿನ ಕಾಗದವನ್ನು ಪೋಸ್ಟ್‌ಮ್ಯಾನ್ ಅವತ್ತೇ ತಂದ. ಚಪ್ಪರ ನೋಡಿ ಹಿಂಜರಿದು ನಿಂತಿದ್ದ. ಅಂಗಳದಲ್ಲಿ ನಿಂತೇ ಓದಿದೆ. ರಂಜಿನಿ ನನ್ನ ಕೈಯಿಂದ ಕಿತ್ತುಕೊಂಡು ಓದಿದಳು. ಆಮೇಲೆ ಉಳಿದವನ್ನೂ ಕೇಳಿದಳು. ಕೊಟ್ಟೆ. ನಾನು ಮುಚ್ಚಿಟ್ಟದ್ದಕ್ಕೆ ನನ್ನನ್ನೂ ಬಿಡಲಿಲ್ಲ. ಹನ್ನೊಂದು ದಿನದ ಕಾರ್ಯ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಹೂಳುವುದಕ್ಕೆ ಮುಂಚೆ ಉಡಿದಾರವನ್ನು ಅವ್ವನ ಕೈಗೆ ಮುಟ್ಟಿಸಿ ಮಗುವಿಗೆ ಕಟ್ಟಿದೆವು. ಎರಡು ಬೆರಳಷ್ಟು ಸಾಲಲಿಲ್ಲ. ಚಿಕ್ಕಮಲ್ಲಮ್ಮನ ಕೂಸು ಬಡಕಲು. ಕರಿದಾರ ಸೇರಿಸಿ ಗಂಟು ಹಾಕಿದೆವು.

ಮನೆಯಿಂದ ಹೊಲದ ತುದಿಗೆ ಅವ್ವನನ್ನು ಪಿಕಪ್ಪಿನಲ್ಲೇ ಒಯ್ದದ್ದು. ಹಿಂದಿನ ದಿನ ಮಳೆಯಾಗಿತ್ತು. ಗಾಡಿ ಎಲ್ಲೂ ಜಾರಲಿಲ್ಲ. ನೀವು ಆರಿಸಿದ ಟೈರು ಒಳ್ಳೆಯದು. ಐದನೆಯದು ಮಾರನೇ ದಿನ ಬಂತು. ರಂಗಸ್ವಾಮಿಯವರೇ ತಂದು ಜಗಲಿಗೆ ಒರಗಿಸಿ ಹೋದರು. ಅಲ್ಲೇ ಇದೆ.

ಕೊಟ್ಟ ಮಾತಿನಂತೆ ನಡೆದೆ. ಇನ್ನು ಮಾತು ಕೊಡುವುದಿಲ್ಲ.

ಮಾದೇಶ

ಅಪ್ಪ, ಇದು ನಾನು ಬರೆಯುತ್ತಿರುವುದು. ಅತ್ತೆ ಸಾಯುತ್ತಿರುವುದು ನಿಮಗೆ ಜುಲೈನಿಂದ ಗೊತ್ತಿತ್ತು. ದಿನಾ ನನ್ನ ಎದುರು ಕೂತು ಊಟ ಮಾಡಿದಿರಿ. ಟೈರು ಆರಿಸುತ್ತಿದ್ದಾನೆ ಎಂದಿರಿ. ನಾನು ಅದನ್ನು ನಂಬಿ ಇವನನ್ನು ಬಾಯಿಗೆ ಬಂದಂತೆ ಬೈದೆ. ಒಂದು ಗೇಣು ದಾರದಲ್ಲಿ ಮಗುವನ್ನು ಅಳೆಯುವುದಕ್ಕೆ ನಿಮಗೆ ಆಗಲಿಲ್ಲ. ನಾನು ಹತ್ತಿ ಬಂದ ಬಸ್ಸಿನ ಟೈರು ಯಾವ ಅಳತೆಯದು ಎಂದು ಕೇಳಲಿಲ್ಲ. ಅಮ್ಮ ನನ್ನ ಜೊತೆ ಇಲ್ಲೇ ಇದ್ದಾರೆ. ಇನ್ನು ಮಗುವಿನ ಆರೈಕೆ ಇಲ್ಲೇ ಮಾಡುತ್ತಾರಂತೆ. ರಂಜಿನಿ.


ಚಾಮರಾಜನಗರ
20 ಸೆಪ್ಟೆಂಬರ್ 2024

ಶ್ರೀ ಮಾದೇಶರವರಿಗೆ,

ನಿಮ್ಮ ತಾಯಿಯವರ ನಿಧನಕ್ಕೆ ವಿಷಾದಿಸುತ್ತೇನೆ. ತಮ್ಮ ಪತ್ರವನ್ನೂ ಅದರ ಅಡಿಯಲ್ಲಿ ರಂಜಿನಿ ಬರೆದಿರುವುದನ್ನೂ ಓದಿದೆ. ಕೆಲವು ಸಂಗತಿಗಳನ್ನು ತಿದ್ದಬೇಕಾಗಿದೆ.

ನಾನು ಅವರನ್ನು ಹಿಡಿದಿಟ್ಟಿದ್ದೆನೆಂಬ ಧ್ವನಿ ಎರಡರಲ್ಲಿಯೂ ಇದೆ. ಇದು ಸರಿಯಲ್ಲ. ಬಾಗಿಲಿಗೆ ಬೀಗವಿರಲಿಲ್ಲ, ಅವರು ಹೋದ ದಿನವೂ ಇರಲಿಲ್ಲ. ನಾನು ಬರೆದ ಪತ್ರಗಳ ಪ್ರತಿಗಳನ್ನು ತೆಗೆದು ಮತ್ತೆ ಓದಿದೆ. ಅಗಲ, ಎತ್ತರ, ಭಾರ, ಯಾವ ಅಂಕಿಯಲ್ಲಿಯೂ ತಪ್ಪು ಸಿಕ್ಕಲಿಲ್ಲ. ಎರಡನೆಯ ಸಲವೂ ಓದಿದೆ.

ರಂಜಿನಿ ಕೇಳದೆ ಹತ್ತಿದ ಬಸ್ಸಿನ ಟೈರುಗಳನ್ನು ನಾನು ನೋಡಿಬಂದೆ. ಗುಂಡ್ಲುಪೇಟೆಗೆ ಹೋಗುವ ಆ ಹೊತ್ತಿನ ಬಸ್ಸಿನಲ್ಲಿ ಹಿಂದಿನ ಒಳಗಡೆಯ ಟೈರು ಸವೆದಿದೆ. ಅಲ್ಲಿಂದ ಬರುವ ಬಸ್ಸುಗಳನ್ನೂ ನೋಡಬೇಕೆನಿಸಿ ಈ ವಾರವೆಲ್ಲ ಸಂಜೆ ನಿಲ್ದಾಣಕ್ಕೆ ಹೋದೆ. ಇಳಿಯುವವರೆಲ್ಲ ಇಳಿದ ಮೇಲೆ ನೋಡಿದೆ. ಅವುಗಳಲ್ಲಿ ದೋಷವಿಲ್ಲ.

ಮಗುವನ್ನು ನಾನು ಅಳೆಯಲಿಲ್ಲವೆಂದು ರಂಜಿನಿ ಬರೆದಿದ್ದಾಳೆ. ಅದೂ ತಪ್ಪು. ಅಳೆದಿದ್ದೆ. ತಮ್ಮ ಮೊದಲ ಪತ್ರ ತಲುಪಿದ ಶನಿವಾರ, ಮಗು ನಿದ್ರಿಸುವಾಗ, ಬಿಳಿಯ ದಾರವನ್ನು ಸುತ್ತಿ ಎರಡು ಗಂಟು ಹಾಕಿದೆ. ಅದು ಪೆನ್ನಿನ ಪೆಟ್ಟಿಗೆಯಲ್ಲಿಯೇ ಇತ್ತು. ಈ ಪತ್ರದೊಂದಿಗೆ ಇಟ್ಟಿದ್ದೇನೆ. ಅದು ಜೂನ್ ತಿಂಗಳ ಅಳತೆ, ಈಗ ಸರಿಯಿರುವುದಿಲ್ಲ.

ಈಗಿನದು ಎಷ್ಟೆಂದು ಯಾರಾದರೂ ಒಂದು ಗೆರೆ ಬರೆದರೆ ತಿದ್ದಿಕೊಳ್ಳುತ್ತೇನೆ.

ಶಂಭುಲಿಂಗಪ್ಪ
ಶುಕ್ರವಾರ, 20 ಸೆಪ್ಟೆಂಬರ್ 2024, ಸಂಜೆ 5 ಗಂಟೆ 40 ನಿಮಿಷ